ಬೀದಿ ಊರಿನದು ಎಂದು ಕಲ್ಲಲ್ಲಿ ಬರೆಸಿದವರು

ಇಟಲಿಯ ಪಾಂಪೈ ಊರಿನ ಕೋಟೆಬಾಗಿಲು ದಾಟಿ ಹೊರಬಂದರೆ ದಾರಿಯ ಎರಡೂ ಬದಿ ಸಮಾಧಿಗಳು. ಆ ಸಾಲಿನಲ್ಲಿ ಒಂದು ಕಲ್ಲು ನಿಂತಿದೆ. ಅದರ ಮೇಲಿರುವುದು ಸತ್ತವರ ಹೆಸರಲ್ಲ, ಒಂದು ಸರ್ಕಾರಿ ಆದೇಶ. ರೋಮನ್ ಚಕ್ರವರ್ತಿ ವೆಸ್ಪೇಸಿಯನ್ ಕೊಟ್ಟ ಅಧಿಕಾರದಂತೆ ಟೈಟಸ್ ಸ್ವೀಡಿಯಸ್ ಕ್ಲೆಮೆನ್ಸ್ ಎಂಬ ಸೇನಾಧಿಕಾರಿ ತಕರಾರುಗಳ ವಿಚಾರಣೆ ನಡೆಸಿ, ಅಳತೆ ಮಾಡಿಸಿ, ಖಾಸಗಿಯವರು ಹಿಡಿದುಕೊಂಡಿದ್ದ ಸಾರ್ವಜನಿಕ ಜಾಗಗಳನ್ನು ಪಾಂಪೈ ಊರಿಗೆ ಮರಳಿ ಕೊಡಿಸಿದ್ದಾನೆ ಎಂಬುದು ಅದರ ಸಾರ. ಇದೇ ಬರಹ ಕೆತ್ತಿದ ಕಲ್ಲುಗಳು ಊರಿನ ಬೇರೆ ಬಾಗಿಲುಗಳ ಹೊರಗೂ ಸಿಕ್ಕಿವೆ. ಊರಿಗೆ ಬರುವವರೂ ಹೋಗುವವರೂ ಓದಲೇಬೇಕು ಎಂಬಂತೆ ಅವನ್ನು ದಾರಿಯ ಮಗ್ಗುಲಲ್ಲಿ ನೆಡಿಸಿದ್ದರು. ವೆಸ್ಪೇಸಿಯನ್ ಆಳಿದ್ದು ಕ್ರಿ.ಶ. 69ರಿಂದ 79ರವರೆಗೆ. ಅವನು ತೀರಿಕೊಂಡ ಕೆಲವೇ ತಿಂಗಳಲ್ಲಿ ವೆಸುವಿಯಸ್ ಜ್ವಾಲಾಮುಖಿ ಸಿಡಿಯಿತು, ಊರು ಬೂದಿಯಡಿ ಹೂತುಹೋಯಿತು. ಒತ್ತುವರಿ ತೆರವಿನ ಆದೇಶ ಮಾತ್ರ ಕಲ್ಲಿನಲ್ಲಿ ಉಳಿಯಿತು.

ರೋಮನ್ ನಗರ ಯೋಜನೆ ಎಂದಾಗ ನಮ್ಮ ಪಠ್ಯಪುಸ್ತಕಗಳು ತೋರಿಸುವ ಚಿತ್ರ ಬೇರೆ. ಚದುರಂಗದ ಹಾಸಿನಂತೆ ಗೆರೆ ಎಳೆದ ಊರು, ನಡುವೆ ಉದ್ದಕ್ಕೊಂದು ಅಡ್ಡಕ್ಕೊಂದು ಹೆಬ್ಬೀದಿ, ಅವು ಕೂಡುವಲ್ಲಿ ಚೌಕ. ಆ ಚಿತ್ರ ಸುಳ್ಳೇನಲ್ಲ. ಆದರೆ ಬಯಲಿನ ಮೇಲೆ ಗೆರೆ ಎಳೆಯುವುದಕ್ಕಿಂತ, ಎಳೆದ ಗೆರೆಯ ಮೇಲೆ ಯಾರೂ ಗೋಡೆ ಕಟ್ಟದಂತೆ ತಲೆಮಾರುಗಳ ಕಾಲ ಕಾಯುವುದು ಬಹಳ ಕಷ್ಟ. ರೋಮನ್ನರು ದೊಡ್ಡವರಾದದ್ದು ಈ ಎರಡನೆಯ ಕೆಲಸದಲ್ಲಿ ಎಂದು ನಾನು ನಂಬಿದ್ದೇನೆ. ಅವರ ಬೀದಿಗಳನ್ನು ಆ ದೃಷ್ಟಿಯಿಂದಲೇ ನೋಡಬೇಕು.

ದಾರ, ಗುಂಡು, ಗೂಟ

ಮೊದಲು ಗೆರೆಯ ವಿಷಯ. ರೋಮನ್ ಮೋಜಣಿದಾರರ ಕೈಯಲ್ಲಿದ್ದ ಉಪಕರಣದ ಹೆಸರು ಗ್ರೋಮಾ. ನೆಲಕ್ಕೆ ಊರಿದ ಒಂದು ಕೋಲು, ಅದರ ತುದಿಯಲ್ಲಿ ಅಡ್ಡಲಾಗಿ ಕೂರಿಸಿದ ಶಿಲುಬೆಯಾಕಾರದ ಕಬ್ಬಿಣದ ಪಟ್ಟಿ, ಅದರ ನಾಲ್ಕು ತುದಿಗಳಿಂದ ಇಳಿಬಿಟ್ಟ ದಾರ, ದಾರದ ಕೊನೆಗೆ ಭಾರದ ಗುಂಡು. ಎದುರುಬದುರಿನ ಎರಡು ದಾರಗಳು ಒಂದಾಗಿ ಕಾಣುವಂತೆ ಕಣ್ಣಿಟ್ಟು ನೋಡಿದರೆ ಒಂದು ನೇರ ಗೆರೆ ಸಿಗುತ್ತದೆ. ಉಳಿದೆರಡು ದಾರಗಳಿಂದ ಅದಕ್ಕೆ ಸರಿಯಾದ ಲಂಬಗೆರೆ. ದೂರದಲ್ಲಿ ಕೋಲು ಹಿಡಿದು ನಿಂತ ಸಹಾಯಕನಿಗೆ ಕೈಸನ್ನೆ ಮಾಡಿ ಗೂಟ ಹೊಡೆಸುವುದು, ಮುಂದೆ ಹೋಗುವುದು. ಇಷ್ಟೇ ವಿದ್ಯೆ. ಗಾಳಿ ಬೀಸಿದರೆ ದಾರ ತೂಗಾಡಿ ಕೆಲಸ ಕೆಡುತ್ತದೆ ಎಂದು ಅಲೆಕ್ಸಾಂಡ್ರಿಯಾದ ಗಣಿತಜ್ಞ ಹೀರೋ ಆಕ್ಷೇಪಿಸಿದ್ದ. ಆದರೂ ಸಾಮ್ರಾಜ್ಯದ ಉದ್ದಗಲಕ್ಕೆ ಹೊಲಗಳ ಎಲ್ಲೆಯನ್ನೂ ಊರುಗಳ ಬೀದಿಯನ್ನೂ ಗುರುತಿಸಿದ್ದು ಇದೇ ಉಪಕರಣ. ಇಂಥ ಒಂದು ಗ್ರೋಮಾದ ಲೋಹದ ಭಾಗಗಳು 1912ರಲ್ಲಿ ಪಾಂಪೈಯ ಒಂದು ಕಾರ್ಯಾಗಾರದಲ್ಲಿ ಸಿಕ್ಕವು. ಮರದ ಭಾಗ ಉಳಿದಿರಲಿಲ್ಲ.

ಚೌಕಾಕಾರದ ಬೀದಿಗಳನ್ನು ರೋಮನ್ನರು ಕಂಡುಹಿಡಿದರು ಎಂದು ಹೇಳುವಂತಿಲ್ಲ. ಗ್ರೀಕರ ಮಿಲೆಟಸ್, ಇಟಲಿಯ ಬೊಲೊನ್ಯಾ ಬಳಿ ಎಟ್ರುಸ್ಕರು ಕಟ್ಟಿದ ಮಾರ್ಜಾಬೊತ್ತೊ, ಇವೆಲ್ಲ ಹಿಂದಿನವು. ಊರು ಹುಟ್ಟುಹಾಕುವ ಶಾಸ್ತ್ರವನ್ನೂ ರೋಮನ್ನರು ಎಟ್ರುಸ್ಕರಿಂದ ಪಡೆದರು. ಹೋರಿ ಹಸುಗಳನ್ನು ಜೊತೆಯಾಗಿ ನೊಗಕ್ಕೆ ಕಟ್ಟಿ ಊರಿನ ಸುತ್ತ ಸಾಲು ಹೊಡೆಯುತ್ತಿದ್ದರು. ಗೋಡೆ ಬರಬೇಕಾದ ಕಡೆ ನೇಗಿಲು ಮಣ್ಣು ಸೀಳುತ್ತಿತ್ತು. ಬಾಗಿಲು ಬರುವಲ್ಲಿ ನೇಗಿಲನ್ನು ಎತ್ತಿ ಹಿಡಿದು ದಾಟಿಸುತ್ತಿದ್ದರು. ಗೋಡೆ ದೇವರ ರಕ್ಷಣೆಯಲ್ಲಿತ್ತು, ಅದನ್ನು ಮುಟ್ಟುವಂತಿರಲಿಲ್ಲ. ಜನ, ದನ, ಕಸ, ಹೆಣ ಎಲ್ಲವೂ ಹಾಯುವ ಬಾಗಿಲಿಗೆ ಆ ಕಟ್ಟಳೆ ಹಾಕಿದರೆ ಊರು ನಡೆಯುವುದು ಹೇಗೆ?

ಗೆರೆಯ ಊರನ್ನು ಅದರ ಪೂರ್ಣ ರೂಪದಲ್ಲಿ ನೋಡಬೇಕಾದರೆ ಅಲ್ಜೀರಿಯಾದ ಟಿಮ್‌ಗಾಡ್‌ಗೆ ಹೋಗಬೇಕು. ಚಕ್ರವರ್ತಿ ಟ್ರಾಜನ್ ಕ್ರಿ.ಶ. 100ರಲ್ಲಿ ನಿವೃತ್ತ ಸೈನಿಕರಿಗಾಗಿ ಕಟ್ಟಿಸಿದ ಬಡಾವಣೆ ಇದು. ಒಂದೊಂದು ಬದಿ ಸುಮಾರು 350 ಮೀಟರ್ ಇರುವ ಚೌಕ. ಒಳಗೆ ಸುಮಾರು 20 ಮೀಟರ್ ಉದ್ದಗಲದ ಪುಟ್ಟ ಪುಟ್ಟ ಚೌಕದ ತುಂಡುಗಳು. ಇವನ್ನೇ ಇತಿಹಾಸಕಾರರು ಇನ್ಸುಲಾ ಎನ್ನುತ್ತಾರೆ. ನಾಲ್ಕೂ ಕಡೆ ಬೀದಿ ಇರುವ ಮನೆಗಳ ಗುಂಪು ಎಂದಿಟ್ಟುಕೊಳ್ಳಿ. ಸಭಾಚೌಕಕ್ಕೆ, ರಂಗಮಂದಿರಕ್ಕೆ, ಸ್ನಾನಗೃಹಕ್ಕೆ ಇಂಥ ಹಲವು ತುಂಡುಗಳನ್ನು ಕೂಡಿಸಿ ಜಾಗ ಮಾಡಿದ್ದರು. ಜೂಲಿಯಸ್ ಕ್ವಿಂಟಿಯಾನಸ್ ಫ್ಲೇವಿಯಸ್ ರೊಗಾಟಿಯಾನಸ್ ಎಂಬ ದಾನಿ 4,00,000 ಸೆಸ್ಟರ್ಸ್ ಕೊಟ್ಟು ಕಟ್ಟಿಸಿದ ಗ್ರಂಥಾಲಯಕ್ಕೆ ಅಂಥ ಒಂದು ತುಂಡು ಸಾಕಾಗಿತ್ತು. ಆಕಾಶದಿಂದ ತೆಗೆದ ಚಿತ್ರದಲ್ಲಿ ಟಿಮ್‌ಗಾಡ್ ನೋಡಿದವರು ಮರೆಯುವುದಿಲ್ಲ.

ಅದೇ ಚಿತ್ರದಲ್ಲಿ ಇನ್ನೊಂದು ಸಂಗತಿಯೂ ಕಾಣುತ್ತದೆ. ಚೌಕದ ಹೊರಗೆ ಊರು ತನಗೆ ತೋಚಿದಂತೆ ಬೆಳೆದಿದೆ. ಅಲ್ಲಿ ಬೀದಿಗಳು ಸೊಟ್ಟ, ತುಂಡುಗಳು ದೊಡ್ಡವು. ಕೋಟೆಗೋಡೆ ಬೇಡವಾದ ಮೇಲೆ ಅದನ್ನು ಕೆಡವಿದರು. ಊರಿಗೆ ಸಂತೆಕಟ್ಟೆ ಕಟ್ಟಿಸಿಕೊಟ್ಟ ಸೆರ್ಟಿಯಸ್ ಎಂಬ ಶ್ರೀಮಂತನ ಮನೆ ಎದ್ದದ್ದು ಆ ಗೋಡೆ ಇದ್ದ ಜಾಗದ ಮೇಲೆ. ಸೈನಿಕರ ಅಳತೆಯಲ್ಲಿ ಹಾಕಿದ ಸೈಟುಗಳು ಎರಡನೆಯ, ಮೂರನೆಯ ತಲೆಮಾರಿನ ಸಿರಿವಂತಿಕೆಗೆ ಸಾಲಲಿಲ್ಲ. ಆದರೂ ಒಳಚೌಕದ ಬೀದಿಗಳು ಹಾಕಿದ ಕಡೆಯೇ ಉಳಿದವು. ನಕಾಶೆ ಮಾಡಿದವನ ಜಾಣತನ ಅದಕ್ಕೆ ಕಾರಣವಲ್ಲ. ಆ ಜಾಗ ಯಾರೊಬ್ಬರದೂ ಅಲ್ಲ ಎಂಬ ಒಪ್ಪಂದವನ್ನು ಊರು ಮುರಿಯಲಿಲ್ಲ.

ದಿಕ್ಕಿನ ವಿಚಾರಕ್ಕೂ ಒಂದು ಮಾತು ಸಲ್ಲಬೇಕು. ಅಗಸ್ಟಸ್‌ನ ಕಾಲದ ವಾಸ್ತುತಜ್ಞ ವಿಟ್ರೂವಿಯಸ್ ಬೀದಿಗಳನ್ನು ಗಾಳಿಗೆ ನೇರವಾಗಿ ಹಾಕಬೇಡಿ ಎಂದು ತನ್ನ ಗ್ರಂಥದ ಮೊದಲ ಭಾಗದಲ್ಲೇ ಎಚ್ಚರಿಸಿದ. ಲೆಸ್ಬೋಸ್ ದ್ವೀಪದ ಮಿಟಿಲೀನೆಯನ್ನು ಅವನು ಉದಾಹರಣೆ ಕೊಡುತ್ತಾನೆ. ಊರೇನೋ ಅಂದವಾಗಿದೆ, ಕಟ್ಟಿದ ರೀತಿಯಲ್ಲಿ ವಿವೇಕವಿಲ್ಲ ಎಂಬುದು ಅವನ ತೀರ್ಪು. ದಕ್ಷಿಣದ ಗಾಳಿ ಬೀಸಿದರೆ ಜನ ಕಾಯಿಲೆ ಬೀಳುತ್ತಾರೆ, ವಾಯವ್ಯದ ಗಾಳಿಗೆ ಕೆಮ್ಮುತ್ತಾರೆ, ಉತ್ತರದ ಗಾಳಿ ಬಂದಾಗ ಗುಣವಾಗುತ್ತಾರೆ. ಆದರೆ ಆಗ ಚಳಿಗೆ ಬೀದಿಯಲ್ಲಿ ನಿಲ್ಲಲಾಗುವುದಿಲ್ಲ. ಅವನ ವೈದ್ಯಶಾಸ್ತ್ರ ಇವತ್ತಿಗೆ ನಿಲ್ಲದು. ಬೀದಿಯಲ್ಲಿ ನಿಂತ ಮನುಷ್ಯನ ಮೈಗೆ ಏನಾಗುತ್ತದೆ ಎಂಬುದರಿಂದ ಯೋಜನೆ ಶುರುವಾಗಬೇಕು ಎಂಬ ಅವನ ಕಾಳಜಿ ಮಾತ್ರ ಹಳತಾಗಿಲ್ಲ.

ಕಾಲ ಕೆಳಗಿನ ಸಾಕ್ಷ್ಯ

ಈಗ ಪಾಂಪೈಯ ಒಳಗೆ ಹೋಗೋಣ. ಗೋಡೆಯೊಳಗೆ ಸುಮಾರು 66 ಹೆಕ್ಟೇರ್, ಅದರಲ್ಲಿ ಮೂರನೇ ಒಂದು ಭಾಗ ಇನ್ನೂ ಅಗೆದಿಲ್ಲ. 1748ರಲ್ಲಿ ಉತ್ಖನನ ಶುರುವಾಯಿತು. 19ನೇ ಶತಮಾನದಲ್ಲಿ ಜುಸೆಪ್ಪೆ ಫಿಯೊರೆಲ್ಲಿ ಊರನ್ನು ಒಂಬತ್ತು ವಿಭಾಗ ಮಾಡಿ, ಒಂದೊಂದು ವಿಭಾಗದ ಮನೆಗುಂಪಿಗೂ, ಒಂದೊಂದು ಬಾಗಿಲಿಗೂ ಸಂಖ್ಯೆ ಕೊಟ್ಟ. ಇಂದಿಗೂ ಸಂಶೋಧಕರು ವಿಳಾಸ ಹೇಳುವುದು ಆ ಸಂಖ್ಯೆಗಳಲ್ಲಿಯೇ.

ಟಿಮ್‌ಗಾಡ್‌ನ ಹಾಗೆ ಒಂದೇ ಬಾರಿಗೆ ಹುಟ್ಟಿದ ಊರಲ್ಲ ಇದು. ಸಭಾಚೌಕದ ಸುತ್ತ ಹಳೆಯ ಸೊಟ್ಟ ಓಣಿಗಳು, ವಾಯವ್ಯದಲ್ಲಿ ಉದ್ದುದ್ದನೆಯ ಮನೆಗುಂಪುಗಳು, ಪೂರ್ವದಲ್ಲಿ ಇನ್ನೊಂದು ಅಳತೆ. ನೆಲಕ್ಕೆ ವೆಸುವಿಯಸ್‌ನದೇ ಲಾವಾದ ದೊಡ್ಡ ದೊಡ್ಡ ಚಪ್ಪಡಿ. ಎರಡೂ ಬದಿ ಎತ್ತರದ ಕಾಲುದಾರಿ. ಬೀದಿಯ ಅಡ್ಡಕ್ಕೆ ಅಲ್ಲಲ್ಲಿ ದಪ್ಪ ದಾಟುಗಲ್ಲುಗಳು. ಗಾಡಿಯ ಚಕ್ರಗಳು ಅವುಗಳ ಸಂದಿಯಲ್ಲಿ ಹಾದುಹೋಗುತ್ತಿದ್ದವು. ಈ ಕಲ್ಲುಗಳು ಏಕೆ ಬೇಕಾದವೆಂದರೆ, ಊರಿನ ಬಹುಭಾಗದಲ್ಲಿ ನೆಲದಡಿಯ ಚರಂಡಿ ಇರಲಿಲ್ಲ. ಬೀದಿಯೇ ನೀರು ಹರಿಯುವ ಕಾಲುವೆ. ಮಳೆನೀರು, ಮನೆಯ ಬಚ್ಚಲುನೀರು, ಮೂಲೆಮೂಲೆಯ ಕಾರಂಜಿತೊಟ್ಟಿಗಳಿಂದ ಉಕ್ಕಿ ಹರಿದ ನೀರು ಎಲ್ಲವೂ ಇಳಿಜಾರಿನಲ್ಲಿ ಹರಿದು ಕೆಳಗಿನ ಬಾಗಿಲುಗಳತ್ತ ಹೋಗುತ್ತಿತ್ತು.

ತೊಟ್ಟಿಗಳು ಸುಮಾರು 40. ನಾಲ್ಕು ಲಾವಾ ಚಪ್ಪಡಿಗಳನ್ನು ಜೋಡಿಸಿ ಮಾಡಿದವು, ಹಿಂದೆ ಒಂದು ನಿಂತ ಕಲ್ಲು, ಅದರಲ್ಲಿ ಕೆತ್ತಿದ ಮುಖ, ಮುಖದ ಬಾಯಿಂದ ನೀರು. ಹತ್ತಿರ ಹೋಗಿ ನೋಡಿದರೆ ನೀರು ಬೀಳುವ ಬಾಯಿಯ ಎರಡೂ ಪಕ್ಕ ತೊಟ್ಟಿಯ ಅಂಚು ನುಣ್ಣಗೆ ತಗ್ಗಾಗಿದೆ. ತಲೆಮಾರುಗಳ ಜನ ಒಂದು ಕೈಯೂರಿ ಬಗ್ಗಿ ಕುಡಿದು, ಕೊಡ ತುಂಬಿ ಸವೆಸಿದ ಕಲ್ಲು ಅದು. ಸಿರಿವಂತರ ಮನೆಗೆ ಸೀಸದ ಕೊಳವೆಯಲ್ಲಿ ನೀರು ಹೋಗುತ್ತಿತ್ತು. ಉಳಿದವರಿಗೆ ಮೂಲೆಯ ತೊಟ್ಟಿ, ಅದೂ ಬಹಳ ದೂರ ನಡೆಯದಂತೆ ಹಂಚಿ ಇಟ್ಟದ್ದು. ನೀರಿನ ಜಾಗವನ್ನು ಬೀದಿ ಕೂಡುವಲ್ಲಿ ಇಡಬೇಕು ಎಂದು ತೀರ್ಮಾನಿಸಿದವರು ಊರನ್ನು ಚೆನ್ನಾಗಿ ಬಲ್ಲವರು.

ಕಾಲುದಾರಿಯ ಅಂಚುಗಲ್ಲುಗಳಲ್ಲಿ ತೂತುಗಳಿವೆ, ಪ್ರಾಣಿ ಕಟ್ಟಲಿಕ್ಕೋ ಅಂಗಡಿ ಮುಂದೆ ನೆರಳಿನ ಬಟ್ಟೆ ಬಿಗಿಯಲಿಕ್ಕೋ ಇದ್ದಿರಬೇಕು. ಇನ್ನೂ ಮುಖ್ಯವಾದುದು ಕಾಲುದಾರಿಯ ನೆಲ. ಒಂದು ಮನೆಯ ಮುಂದೆ ಜಲ್ಲಿಗಾರೆ, ಪಕ್ಕದ ಮನೆಯ ಮುಂದೆ ಕಲ್ಲುಹಾಸು, ಅದರಾಚೆ ಬರೀ ಗಟ್ಟಿಸಿದ ಮಣ್ಣು. ಬೀದಿ ಎಲ್ಲರದು, ಆದರೆ ನಿನ್ನ ಮನೆಯ ಮುಂದಿನ ಅಷ್ಟುದ್ದ ಸರಿ ಇಡುವ ಹೊಣೆ ನಿನ್ನದು ಎಂಬ ಕಟ್ಟಳೆ ಅಲ್ಲಿ ಕಾಲಿಗೇ ತಾಗುತ್ತದೆ.

ಚಪ್ಪಡಿಗಳ ಮೇಲಿನ ಗಾಡಿಜಾಡುಗಳನ್ನು ಎಲ್ಲರೂ ಫೋಟೊ ತೆಗೆಯುತ್ತಾರೆ. ಅಮೆರಿಕದ ಪುರಾತತ್ತ್ವಜ್ಞ ಎರಿಕ್ ಪೋಲರ್ ಅವನ್ನು ಓದಿದರು. ತಿರುವುಗಳಲ್ಲಿ ಅಂಚುಗಲ್ಲು ಎಲ್ಲಿ ಸವೆದಿದೆ, ದಾಟುಗಲ್ಲಿನ ಯಾವ ಮಗ್ಗುಲನ್ನು ಚಕ್ರ ಉಜ್ಜಿದೆ ಎಂದು ಮೂಲೆಯಿಂದ ಮೂಲೆಗೆ ಗುರುತಿಸಿದರು. ಕಿರಿದಾದ ಬೀದಿಗಳಲ್ಲಿ ಗಾಡಿಗಳು ಒಮ್ಮುಖವಾಗಿ ಓಡುತ್ತಿದ್ದವು, ಅಗಲದ ಬೀದಿಗಳಲ್ಲಿ ಬಲಬದಿ ಹಿಡಿಯುತ್ತಿದ್ದವು ಎಂಬುದು ಅವರ ನಿರ್ಣಯ. 2017ರಲ್ಲಿ ಬಂದ ಅವರ ಪುಸ್ತಕ ಓದಿದ ಮೇಲೆ ಆ ಊರು ನಿಂತ ನಕಾಶೆಯಾಗಿ ಕಾಣುವುದಿಲ್ಲ. ಫಲಕವಿಲ್ಲದೆ, ಪೊಲೀಸನಿಲ್ಲದೆ ಗಾಡಿ ಹೊಡೆಯುವವರು ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಟ್ಟ ಲೆಕ್ಕ ಅಲ್ಲಿ ಕಲ್ಲಿನಲ್ಲಿದೆ.

ಇನ್ನು ಮನೆಗುಂಪಿನ ಒಳಗು. ಆರನೇ ವಿಭಾಗದ ಆರನೇ ಗುಂಪನ್ನು ತೆಗೆದುಕೊಳ್ಳಿ. ಇದಕ್ಕೆ ಆಗಿನ ಕಾಲದ ಹೆಸರೂ ಗೊತ್ತು, ಅರಿಯಾನಾ ಪೊಲ್ಲಿಯಾನಾ. ಗೊತ್ತಾದದ್ದು ಗೋಡೆಯ ಮೇಲಿದ್ದ ಒಂದು ‘ಬಾಡಿಗೆಗಿದೆ’ ಜಾಹೀರಾತಿನಿಂದ. ಮಾಲೀಕ ಗ್ನೇಯಸ್ ಅಲೈಯಸ್ ನಿಜಿಡಿಯಸ್ ಮಾಯಸ್. ಜುಲೈ ಒಂದರಿಂದ ಅಟ್ಟದ ಸಮೇತ ಅಂಗಡಿಗಳು, ಗಣ್ಯರಿಗೆ ತಕ್ಕ ಮಹಡಿ ಕೋಣೆಗಳು, ಮನೆಗಳು ಬಾಡಿಗೆಗೆ ಸಿಗುತ್ತವೆ, ಬೇಕಾದವರು ಯಜಮಾನನ ಆಳು ಪ್ರೈಮಸ್‌ನನ್ನು ಕಾಣಬೇಕು ಎಂದು ಅದರಲ್ಲಿತ್ತು. ಈ ಮಾಯಸ್ ಊರಿನಲ್ಲಿ ಕತ್ತಿಮಲ್ಲರ ಪಂದ್ಯ ನಡೆಸುತ್ತಿದ್ದ ದೊಡ್ಡ ಕುಳ. ಇಡೀ ಗುಂಪಿನ ನಡುವೆ ಒಂದು ಭವ್ಯ ಮನೆ, ಕಂಬಗಳ ಅಂಗಳ, ಹಿಂದೆ ತೋಟ. ಸುತ್ತಲೂ ಬೀದಿಗೆ ಮುಖ ಮಾಡಿ ಅಂಗಡಿಗಳು, ಸಣ್ಣ ವಾಸದ ಕೋಣೆಗಳು, ಒಂದು ಪಕ್ಕ ಬೀಸುಗಲ್ಲು ಒಲೆಗಳಿರುವ ರೊಟ್ಟಿ ಅಂಗಡಿ. ಸಿರಿವಂತರ ಬಡಾವಣೆ ಒಂದು ಕಡೆ, ಬಡವರ ಕೇರಿ ಇನ್ನೊಂದು ಕಡೆ ಎಂಬ ವಿಂಗಡಣೆ ಪಾಂಪೈಯಲ್ಲಿ ಇಲ್ಲ. ಯಜಮಾನ, ಬಾಡಿಗೆದಾರ, ರೊಟ್ಟಿ ಸುಡುವವನು, ಗುಲಾಮ ಒಂದೇ ಗುಂಪಿನ ನಾಲ್ಕು ಗೋಡೆಗಳೊಳಗೆ. ಇದನ್ನು ಸಮಾನತೆ ಎಂದು ಕೊಂಡಾಡಬಾರದು. ಗುಲಾಮಗಿರಿಯ ಮೇಲೆ ನಿಂತ ಊರು ಅದು, ಆ ಸಾಮೀಪ್ಯದ ಬೆಲೆ ತೆತ್ತವರು ಪ್ರೈಮಸ್‌ನಂಥವರು. ಆದರೆ ಬಾಗಿಲು ತೆರೆದರೆ ಎಲ್ಲರ ಕಾಲೂ ಒಂದೇ ಬೀದಿಯ ಮೇಲೆ ಬೀಳುತ್ತಿತ್ತು.

ಕೆಸರು ತುಂಬಿದ ಮಡಿಲು

ಬೀದಿಯ ಹೊಣೆ ಈಡೈಲ್ ಎಂಬ ನಗರಾಧಿಕಾರಿಗಳದು. ದಕ್ಷಿಣ ಇಟಲಿಯ ಹೆರಾಕ್ಲಿಯಾ ಬಳಿ 1732ರಲ್ಲಿ ಸಿಕ್ಕ ಕಂಚಿನ ಶಾಸನದಲ್ಲಿ ಕ್ರಿ.ಪೂ. ಮೊದಲ ಶತಮಾನದ ರೋಮ್ ನಗರದ ಬೀದಿ ಕಾನೂನಿದೆ. ಕಟ್ಟಡದ ಮಾಲೀಕ ತನ್ನ ಮುಂದಿನ ಬೀದಿಯನ್ನು ನೀರು ನಿಲ್ಲದಂತೆ ಸರಿಯಾಗಿ ಇಡಬೇಕು. ಇಡದಿದ್ದರೆ ಈಡೈಲ್ ಆ ಕೆಲಸವನ್ನು ಗುತ್ತಿಗೆಗೆ ಕೊಟ್ಟು ಖರ್ಚನ್ನು ಮಾಲೀಕನ ತಲೆಗೆ ಕಟ್ಟುತ್ತಾನೆ. ತಿಳಿಸಿದ 30 ದಿನದೊಳಗೆ ಕೊಡದಿದ್ದರೆ ಅದರ ಅರ್ಧದಷ್ಟು ದಂಡ ಸೇರಿಸಿ ಕೊಡಬೇಕು. ಸೂರ್ಯೋದಯದಿಂದ ಹತ್ತನೆಯ ತಾಸಿನವರೆಗೆ, ಎಂದರೆ ಇಳಿಹೊತ್ತಿನವರೆಗೆ, ಸರಕಿನ ಗಾಡಿಗಳಿಗೆ ನಗರದೊಳಗೆ ಪ್ರವೇಶವಿಲ್ಲ. ದೇವಾಲಯ ಕಟ್ಟುವ ಕೆಲಸದಂಥ ಕೆಲವಕ್ಕೆ ಮಾತ್ರ ವಿನಾಯಿತಿ. ರಾತ್ರಿ ಬಂದ ಗಾಡಿ ಹಗಲು ಖಾಲಿಯಾಗಿ ಹೊರಡಬಹುದು, ಇಲ್ಲವೇ ಕಸ ಗೊಬ್ಬರ ಹೇರಿಕೊಂಡು ಹೊರಡಬಹುದು. ಹಗಲಿನ ನೆಮ್ಮದಿಗೆ ರಾತ್ರಿಯ ನಿದ್ದೆ ಬಲಿಯಾಯಿತು. ಗಾಡಿಗಳ ಸದ್ದಿಗೆ ಬಾಡಿಗೆ ಮನೆಯವರಿಗೆ ಕಣ್ಣು ಮುಚ್ಚಲಾಗುವುದಿಲ್ಲ ಎಂದು ಕವಿ ಜುವೆನಲ್ ಗೋಳು ತೋಡಿಕೊಂಡಿದ್ದಾನೆ.

ಬೀದಿ ಕೆಟ್ಟರೆ ಅಧಿಕಾರಿಗೂ ತಪ್ಪಿದ್ದಲ್ಲ. ವೆಸ್ಪೇಸಿಯನ್ ತರುಣನಾಗಿ ರೋಮ್‌ನಲ್ಲಿ ಈಡೈಲ್ ಆಗಿದ್ದಾಗ ಬೀದಿಗಳನ್ನು ಗುಡಿಸಿಡಲಿಲ್ಲ. ಸಿಟ್ಟಿಗೆದ್ದ ಚಕ್ರವರ್ತಿ ಕ್ಯಾಲಿಗುಲಾ ಸೈನಿಕರಿಂದ ಅವನ ನಿಲುವಂಗಿಯ ಮಡಿಲಿಗೆ ಕೆಸರು ತುಂಬಿಸಿದ ಎಂದು ಚಕ್ರವರ್ತಿಗಳ ಚರಿತ್ರೆ ಬರೆದ ಸ್ಯೂಟೋನಿಯಸ್ ಹೇಳುತ್ತಾನೆ. ಮುಂದೆ ಚಕ್ರವರ್ತಿಯಾಗಿ ಪಾಂಪೈಗೆ ಕ್ಲೆಮೆನ್ಸ್‌ನನ್ನು ಕಳುಹಿಸಿದವನೂ, ಇಂದಿನ ಫ್ರಾನ್ಸ್‌ನ ಓರಾಂಜ್ ಊರಿನಲ್ಲಿ ಕ್ರಿ.ಶ. 77ರಲ್ಲಿ ಸಾರ್ವಜನಿಕ ಜಮೀನನ್ನು ಅಳೆಯಿಸಿ ಅಮೃತಶಿಲೆಯಲ್ಲಿ ನಕಾಶೆ ಕೆತ್ತಿಸಿದವನೂ ಅದೇ ವೆಸ್ಪೇಸಿಯನ್.

ಈ ಕಾನೂನೆಲ್ಲ ಇದ್ದ ರೋಮ್ ನಗರಕ್ಕೇ ನೇರ ಬೀದಿಗಳಿರಲಿಲ್ಲ ಎಂಬುದನ್ನು ಗಮನಿಸಬೇಕು. ಗಾಲ್ ಜನ ಊರು ಸುಟ್ಟ ಮೇಲೆ ಅವಸರದಲ್ಲಿ, ಯಾರದು ಎಲ್ಲಿ ಎಂದು ನೋಡದೆ ಕಟ್ಟಿಕೊಂಡದ್ದರಿಂದ ಹೀಗಾಯಿತು, ಹಿಂದೆ ಬೀದಿಯ ಕೆಳಗೆ ಹರಿಯುತ್ತಿದ್ದ ಚರಂಡಿ ಈಗ ಮನೆಗಳ ಕೆಳಗೆ ಹರಿಯುತ್ತಿದೆ ಎಂದು ಇತಿಹಾಸಕಾರ ಲಿವಿ ಕಾರಣ ಕೊಡುತ್ತಾನೆ. ಕ್ರಿ.ಶ. 64ರ ಬೆಂಕಿಯಲ್ಲಿ 14 ವಿಭಾಗಗಳ ಪೈಕಿ ನಾಲ್ಕು ಮಾತ್ರ ಪೂರ್ತಿ ಉಳಿದವು. ಆಮೇಲೆ ಚಕ್ರವರ್ತಿ ನೀರೋ ಅಗಲದ ಬೀದಿ ಹಾಕಿಸಿದ, ಕಟ್ಟಡದ ಎತ್ತರಕ್ಕೆ ಮಿತಿ ಹೇರಿದ, ಒಬ್ಬರ ಗೋಡೆ ಇನ್ನೊಬ್ಬರಿಗೆ ಅಂಟಬಾರದು ಎಂದ, ಮನೆಗಳ ಮುಂದೆ ಕಂಬಸಾಲು ಕಟ್ಟಿಸಿದ. ಉಪಯೋಗವಾಯಿತು, ಅಂದವೂ ಬಂತು ಎಂದು ಇತಿಹಾಸಕಾರ ಟ್ಯಾಸಿಟಸ್ ಒಪ್ಪುತ್ತಾನೆ. ಹಳೆಯ ಇಕ್ಕಟ್ಟಿನ ಗಲ್ಲಿಗಳಲ್ಲಿ ನೆರಳಿತ್ತು, ಈಗ ಬಿಸಿಲಿಗೆ ಬೇಯುತ್ತೇವೆ ಎಂದವರ ಮಾತನ್ನೂ ದಾಖಲಿಸುತ್ತಾನೆ. ಆ ದೂರು ನನಗೆ ಬಹಳ ನ್ಯಾಯವಾಗಿ ಕಾಣುತ್ತದೆ. ಅಗಲವೇ ಒಳ್ಳೆಯದು, ನೇರವೇ ಸುಂದರ ಎಂದು ಕುರುಡಾಗಿ ನಂಬಿದ ಯೋಜಕರು ಇಂದಿಗೂ ಆ ಗಲ್ಲಿವಾಸಿಗಳ ಮಾತಿಗೆ ಉತ್ತರ ಕೊಟ್ಟಿಲ್ಲ. ಮುಂದೆ ಅಂಗಡಿಯವರು ಬೀದಿಯನ್ನೇ ನುಂಗಿದರು. ಕ್ರಿ.ಶ. 92ರಲ್ಲಿ ಚಕ್ರವರ್ತಿ ಡೊಮಿಷಿಯನ್ ಆಜ್ಞೆ ಹೊರಡಿಸಿ ಕ್ಷೌರಿಕ, ಹೆಂಡದಂಗಡಿಯವ, ಅಡುಗೆಯವ, ಕಸಾಯಿ ಎಲ್ಲರನ್ನೂ ತಂತಮ್ಮ ಹೊಸ್ತಿಲೊಳಕ್ಕೆ ಸರಿಸಿದ. ಕವಿ ಮಾರ್ಷಿಯಲ್ ಇದನ್ನು ಹೊಗಳಿ ಬರೆದ.

ಗೆರೆ ಎಷ್ಟು ಕಾಲ ಬಾಳುತ್ತದೆ ಎಂಬುದೂ ಇಂಥ ಕಾವಲನ್ನೇ ಅವಲಂಬಿಸಿದೆ. ಫ್ಲಾರೆನ್ಸ್‌ನ ರಿಪಬ್ಲಿಕ್ ಚೌಕದ ಕಂಬ ಇಂದಿಗೂ ರೋಮನ್ ಹೆಬ್ಬೀದಿಗಳೆರಡು ಕೂಡಿದ ಜಾಗವನ್ನು ಹೇಳುತ್ತದೆ. ಟುರಿನ್‌ನ ಹಳೆಯ ಪೇಟೆಯಲ್ಲಿ ಜನ ಈಗಲೂ ರೋಮನ್ ಅಳತೆಯ ಬೀದಿಗಳಲ್ಲೇ ಓಡಾಡುತ್ತಾರೆ. ಡಮಾಸ್ಕಸ್‌ನಲ್ಲಿ ಕಂಬಸಾಲಿನ ಅಗಲದ ‘ನೇರ ಬೀದಿ’ಯೊಳಕ್ಕೆ ಶತಮಾನಗಳ ಉದ್ದಕ್ಕೆ ಅಂಗಡಿಗಳು ಕೂತು, ಅದು ಇಕ್ಕಟ್ಟಿನ ಪೇಟೆಬೀದಿಯಾಯಿತು. ಚೆಂದದ ಪೇಟೆ ಅದು, ಆದರೆ ಹಳೆಯ ಬೀದಿಯಲ್ಲ.

ಪಪಿನಿಯನ್ ಎಂಬ ಕಾನೂನುತಜ್ಞ ಕ್ರಿ.ಶ. 200ರ ಸುಮಾರಿಗೆ ನಗರಾಧಿಕಾರಿಗಳ ಕರ್ತವ್ಯಗಳನ್ನು ಪಟ್ಟಿ ಮಾಡಿದ್ದ. ಅದು 533ರಲ್ಲಿ ಚಕ್ರವರ್ತಿ ಜಸ್ಟಿನಿಯನ್ ಮಾಡಿಸಿದ ಕಾನೂನು ಸಂಗ್ರಹದಲ್ಲಿ ಉಳಿದಿದೆ. ಬೀದಿ ಸಮವಾಗಿರಬೇಕು, ಹರಿವ ನೀರು ಮನೆಗಳನ್ನು ಕೆಡಿಸಬಾರದು. ಬೀದಿಯಲ್ಲಿ ಗುಂಡಿ ತೋಡಬಾರದು, ಏನನ್ನೂ ಕಟ್ಟಬಾರದು. ಸಗಣಿ, ಸತ್ತ ಪ್ರಾಣಿ, ಚರ್ಮ ಎಸೆಯಬಾರದು. ಮನೆ ಮುಂದಿನ ಬೀದಿಯನ್ನು ಮಾಲೀಕ ದುರಸ್ತಿ ಮಾಡದಿದ್ದರೆ ಬಾಡಿಗೆದಾರ ತಾನೇ ಮಾಡಿಸಿ ಆ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಅಂಗಡಿ ಮುಂದೆ ಸರಕು ಇಡುವಂತಿಲ್ಲ. ಎರಡು ಕಸುಬಿನವರಿಗೆ ಮಾತ್ರ ರಿಯಾಯಿತಿ. ಮಡಿವಾಳ ಬಟ್ಟೆ ಒಣಹಾಕಬಹುದು, ಬಡಗಿ ಚಕ್ರಗಳನ್ನು ಹೊರಗಿಡಬಹುದು. ಅವರೂ ಗಾಡಿ ಹಾಯಲು ಜಾಗ ಬಿಟ್ಟಿರಬೇಕು. ಬಿಸಿಲು ಬೇಕಾದವನಿಗೆ ಬಿಸಿಲು, ಜಾಗ ಬೇಕಾದವನಿಗೆ ಜಾಗ, ಆದರೆ ದಾರಿ ಎಲ್ಲರಿಗೆ. ಇಷ್ಟು ಮನುಷ್ಯತ್ವ ಇರುವ ನಗರ ಕಾನೂನನ್ನು ನಾನು ಬೇರೆಲ್ಲೂ ಓದಿಲ್ಲ.

ನಮ್ಮ ವಾಸ್ತುಶಿಲ್ಪ, ನಗರ ಯೋಜನೆ ತರಗತಿಗಳ ಅಧ್ಯಾಪಕರಲ್ಲಿ ಒಂದು ಕೋರಿಕೆ. ರೋಮ್ ಪಾಠವನ್ನು ಟಿಮ್‌ಗಾಡ್‌ನ ನಕಾಶೆ ತೋರಿಸಿ ಮುಗಿಸಬೇಡಿ. ಪಪಿನಿಯನ್ನನ ಆ ಪಟ್ಟಿಯನ್ನೂ ಜೊತೆಗೇ ಓದಿಸಿ. ಮುದ್ರಣದಲ್ಲಿ ಅದು ಒಂದು ಪುಟದಷ್ಟೇ ಇದೆ, ಇಂಗ್ಲಿಷ್ ಅನುವಾದವೂ ಸಿಗುತ್ತದೆ.